ಗುಜರಾತಿ ಗಲ್ಲಿಯ ಮ್ಯಾಕ್

ಹೈದರಾಬಾದಿನಲ್ಲಿ ಕಂಪ್ಯೂಟರ್ ಕೊಳ್ಳುವವರು ಕೋಠಿಗೆ ಬರುವುದಿಲ್ಲ. ಅದಕ್ಕೆ ಸಿಕಂದರಾಬಾದಿನ ಪಾರ್ಕ್‌ಲೇನಿನಲ್ಲಿ ಚಿನಾಯ್ ಟ್ರೇಡ್ ಸೆಂಟರ್ ಇದೆ, ಜನರ ಬಾಯಲ್ಲಿ ಸಿಟಿಸಿ. ಕೋಠಿಗೆ ಬರುವವರ ಕೆಲಸಗಳೇ ಬೇರೆ. ಸುಲ್ತಾನ್ ಬಜಾರಿನಲ್ಲಿ ಸೀರೆ, ಫುಟ್‌ಪಾತಿನಲ್ಲಿ ಪ್ರವೇಶ ಪರೀಕ್ಷೆಗಳ ಹಳೇ ಪುಸ್ತಕ, ಗೋಕುಲ್ ಚಾಟಿನಲ್ಲಿ ಒಂದು ಪ್ಲೇಟು, ಉಳಿದವರಿಗೆ ಬಸ್ಸು ಬದಲಿಸುವ ಜಾಗ. ಇವುಗಳ ನಡುವೆ ಗುಜರಾತಿ ಗಲ್ಲಿ ಎಂಬ ಇಕ್ಕಟ್ಟಾದ ಓಣಿಯಿದೆ. ಅಲ್ಲಿ ಇಡಿಯಾದ ವಸ್ತು ಸಿಗುವುದು ಕಡಿಮೆ. ಬಿಡಿ ಭಾಗಗಳೇ ಹೆಚ್ಚು. ಟ್ರಾನ್ಸ್‌ಫಾರ್ಮರು, ಕೆಪಾಸಿಟರು, ಆಂಪ್ಲಿಫೈಯರ್ ಬೋರ್ಡು, ಬೆಸುಗೆ ಕಡ್ಡಿ, ಲೆಡ್ಡು, ನೂರೆಂಟು ಬಗೆಯ ಕೇಬಲ್ಲು, ಪಿನ್ನು. ಆಪಲ್ ಕಂಪನಿಯ ಮ್ಯಾಕ್ ಓಎಸ್ ಓಡಿಸುವ, ಆದರೆ ಆಪಲ್ ಮಾಡದ ಒಂದು ಡೆಸ್ಕ್‌ಟಾಪನ್ನು ನಾವು 2011ರಲ್ಲಿ ಕಟ್ಟಿದೆವು. ಅದರ ದೊಡ್ಡ ಭಾಗಗಳು ಸಿಟಿಸಿಯಿಂದ ಬಂದವಾದರೂ ಅದಕ್ಕೆ ಜೀವ ಬಂದದ್ದು ಈ ಗಲ್ಲಿಯಲ್ಲಿ.

ನಮ್ಮ ಕಾಕಾ ಬೀದರ ಜಿಲ್ಲೆಯ ಭಾಲ್ಕಿಯವರು. ಕೋಠಿಯ ಬ್ಯಾಂಕ್ ಸ್ಟ್ರೀಟಿನ ಹಿಂದಿನ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಅವರದು ಮದುವೆ ವಿಡಿಯೋ ಮಿಕ್ಸಿಂಗ್ ಅಂಗಡಿ. ಬೀದರಿನ ಜನರಿಗೆ ಹೈದರಾಬಾದು ದೂರವಲ್ಲ. ಸುಮಾರು 140 ಕಿಲೋಮೀಟರು. ಬೆಂಗಳೂರು ಹತ್ತಿರ ಹತ್ತಿರ 700. 1956ರಲ್ಲಿ ಹೈದರಾಬಾದ್ ರಾಜ್ಯದ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು, ಆದರೆ ಜನರ ಕಾಲು ಹಳೆಯ ದಾರಿಯನ್ನೇ ಹಿಡಿಯಿತು. ಬಂಗಾರ, ಬಟ್ಟೆ, ದೊಡ್ಡ ದವಾಖಾನೆ ಎಲ್ಲಕ್ಕೂ ಹೈದರಾಬಾದು. ಮದುವೆ ಜವಳಿಗೆ ಸುಲ್ತಾನ್ ಬಜಾರಿಗೆ ಬಂದವರು ಹಾಗೇ ಮೇಲೆ ಹತ್ತಿ ಕಾಕಾನ ಹತ್ತಿರ ವಿಡಿಯೋ ಮಾತಾಡಿಕೊಂಡು ಹೋಗುತ್ತಿದ್ದರು. ಕಾಚಿಗುಡದ ನೃಪತುಂಗ ಶಾಲೆಯಲ್ಲಿ ಮಕ್ಕಳನ್ನು ಓದಿಸುತ್ತಿದ್ದ ಊರಿನ ಕನ್ನಡದ ಮನೆಗಳವರೂ ಗಿರಾಕಿಗಳೇ. ಶೀರ್ಷಿಕೆ ಕನ್ನಡದಲ್ಲಿ ಹಾಕಿಕೊಡುವವರು ಆ ಭಾಗದಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಡಿಗ್ರಿ ಮುಗಿಸಿ ಅವರ ಕೈಕೆಳಗೆ ಬಂದು ಕೂತಿದ್ದೆ.

ಆಗ ನಮ್ಮದು ವಿಂಡೋಸ್ ಎಕ್ಸ್‌ಪಿ, ಅದರ ಮೇಲೆ ಎಡಿಯಸ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್. ಕೆಲಸಕ್ಕೆ ಏನೂ ಕೊರತೆಯಿರಲಿಲ್ಲ. ಕೊರತೆ ಬಂದದ್ದು ಮಾತಿನಲ್ಲಿ. ಸಿನಿಮಾದವರು ಎಫ್‌ಸಿಪಿಯಲ್ಲಿ, ಅಂದರೆ ಆಪಲ್‌ನ ಫೈನಲ್ ಕಟ್ ಪ್ರೋದಲ್ಲಿ, ಎಡಿಟ್ ಮಾಡುತ್ತಾರೆ ಎಂಬುದು ಫಿಲಂ ನಗರದಿಂದ ಹೊರಟು ಮದುವೆ ಮನೆಗಳನ್ನೂ ಮುಟ್ಟಿತ್ತು. ಹುಡುಗನ ಅಣ್ಣನೋ, ಹುಡುಗಿಯ ಸೋದರತ್ತೆಯ ಮಗನೋ "ನಿಮ್ಮಲ್ಲಿ ಫೈನಲ್ ಕಟ್ ಇದೆಯಾ?" ಎಂದು ಕೇಳುವುದು ಶುರುವಾಯಿತು. ಆಬಿಡ್ಸಿನ ಕಡೆಯ ಅಂಗಡಿಯೊಂದು ಅದನ್ನು ಬೋರ್ಡಿನ ಮೇಲೆಯೇ ಬರೆಸಿತು. ಆಗ ಫೈನಲ್ ಕಟ್ ಓಡುತ್ತಿದ್ದುದು ಮ್ಯಾಕ್ ಮೇಲೆ ಮಾತ್ರ. ಅಮೆರಿಕದಲ್ಲಿ 27 ಇಂಚಿನ ಐಮ್ಯಾಕಿನ ಬೆಲೆ 1,699 ಡಾಲರಿನಿಂದ ಶುರುವಾಗುತ್ತಿತ್ತು. ಇಲ್ಲಿಯ ಬೆಲೆಯನ್ನು ನಾನು ವಿಚಾರಿಸಿಕೊಂಡು ಬಂದು ಹೇಳಿದಾಗ ಕಾಕಾ ಚಹಾದ ಕಪ್ಪನ್ನು ಕೆಳಗಿಟ್ಟರು.

"ಅದರಾಗ ಏನದ ಅಂಥಾದ್ದು, ನಮ್ಮ ಪೆಟ್ಟಗ್ಯಾಗ ಇಲ್ಲದ್ದು?"

"ಒಳಗ ಇರೋದೆಲ್ಲ ಒಂದೇ ಕಾಕಾ. ಸಾಫ್ಟ್‌ವೇರ್ ಅಷ್ಟೇ ಬ್ಯಾರೆ."

"ಒಂದೇ ಇದ್ರ, ಆ ಸಾಫ್ಟ್‌ವೇರ್ ಇದರಾಗ ಹಾಕಲಾಕ ಏನ್ ತೊಂದ್ರಿ?"

ಕಾಕಾ ವ್ಯಾಪಾರದ ಲೆಕ್ಕದಲ್ಲಿ ಕೇಳಿದ ಪ್ರಶ್ನೆಯದು. ಅಷ್ಟರೊಳಗೆ ಜಗತ್ತಿನ ಅನೇಕರು ಅದನ್ನೇ ಕೇಳಿ ಉತ್ತರವನ್ನೂ ಕಂಡುಕೊಂಡಿದ್ದರು. ತನ್ನ ಮ್ಯಾಕ್‌ಗಳು ಪವರ್‌ಪಿಸಿ ಬಿಟ್ಟು ಇಂಟೆಲ್ ಚಿಪ್ಪಿಗೆ ಬರುತ್ತವೆಂದು ಸ್ಟೀವ್ ಜಾಬ್ಸ್ 2005ರ ಜೂನಿನಲ್ಲಿ ಹೇಳಿದ. 2006ರ ಜನವರಿಯಲ್ಲಿ ಮೊದಲ ಇಂಟೆಲ್ ಮ್ಯಾಕ್ ಬಂತು. ಅಲ್ಲಿಂದ ಮುಂದೆ ಆಪಲ್ ಪೆಟ್ಟಿಗೆ ಬಿಚ್ಚಿದರೆ ಸಿಗುತ್ತಿದ್ದುದು ಸಿಟಿಸಿಯಲ್ಲಿ ಸಿಗುವಂಥದ್ದೇ: ಇಂಟೆಲ್ ಪ್ರೊಸೆಸರು, ಅದೇ ಮೆಮೊರಿ, ಅದೇ ಹಾರ್ಡ್‌ಡಿಸ್ಕ್. ಉಳಿದ ವ್ಯತ್ಯಾಸ ಮುಖ್ಯವಾಗಿ ಎರಡು. ಮ್ಯಾಕ್ ಎದ್ದೇಳುತ್ತಿದ್ದುದು ಇಎಫ್‌ಐ ಎಂಬ ವ್ಯವಸ್ಥೆಯಿಂದ, ನಮ್ಮ ಮದರ್‌ಬೋರ್ಡುಗಳು ಹಳೆಯ ಬಯಾಸ್‌ನಿಂದ. ಎರಡನೆಯದು ಮ್ಯಾಕಿನೊಳಗಿದ್ದ ಎಸ್‌ಎಂಸಿ ಎಂಬ ಚಿಪ್ಪು. ಫ್ಯಾನು, ಶಾಖ ನೋಡಿಕೊಳ್ಳುವುದರ ಜೊತೆಗೆ ಅದು ಒಂದು ಕೀಲಿಯನ್ನೂ ಇಟ್ಟುಕೊಂಡಿರುತ್ತಿತ್ತು. ಪರದೆಯ ಮೇಲಿನ ಫೈಂಡರ್, ಡಾಕ್ ಮುಂತಾದವು ಬೀಗ ಹಾಕಿದ ಸ್ಥಿತಿಯಲ್ಲಿರುತ್ತಿದ್ದವು. ಆ ಕೀಲಿ ಸಿಕ್ಕರೆ ಮಾತ್ರ ತೆರೆಯುತ್ತಿದ್ದವು. ತೆರೆಯುವ ಕೆಲಸ ಮಾಡುವ ಕಡತಕ್ಕೆ ಕಂಪನಿಯೇ 'ಡೋಂಟ್ ಸ್ಟೀಲ್ ಮ್ಯಾಕ್ ಓಎಸ್ ಎಕ್ಸ್' ಎಂದು ಹೆಸರಿಟ್ಟಿತ್ತು. ಕಡತದ ಹೆಸರಿನಲ್ಲೇ ಬೈಗುಳ ಸೇರಿಸಿದ ಕಂಪನಿಯನ್ನು ನಾನು ಬೇರೆ ನೋಡಿಲ್ಲ.

ಈ ಎರಡಕ್ಕೂ ಹವ್ಯಾಸಿಗಳು ದಾರಿ ಮಾಡಿದ್ದರು. ಕೆಮೀಲಿಯನ್ ಎಂಬ ಬೂಟ್‌ಲೋಡರು ಬಯಾಸ್ ಮೇಲೆ ಕೂತು ಇಎಫ್‌ಐ ವೇಷ ಹಾಕುತ್ತಿತ್ತು. 'ನಾನು ಐಮ್ಯಾಕ್ 12,2' ಎಂದು ಹೇಳು ಎಂದರೆ ಹಾಗೇ ಹೇಳುತ್ತಿತ್ತು. ಫೇಕ್‌ಎಸ್‌ಎಂಸಿ ಎಂಬ ಸಣ್ಣ ಕಡತ ಕೀಲಿ ಒದಗಿಸುತ್ತಿತ್ತು. ಹೀಗೆ ಕಟ್ಟಿದ ಯಂತ್ರಕ್ಕೆ ಹ್ಯಾಕಿಂತೋಷ್ ಎಂಬ ಹೆಸರು ಅದಾಗಲೇ ಗಟ್ಟಿಯಾಗಿತ್ತು.

ಕಾನೂನಿನ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಆಪಲ್ ಲೈಸೆನ್ಸಿನ ಪ್ರಕಾರ ಅದರ ಓಎಸ್ ಹಾಕಬೇಕಾದದ್ದು ಆಪಲ್ ಹೆಸರಿನ ಕಂಪ್ಯೂಟರಿಗೆ ಮಾತ್ರ. ಫ್ಲಾರಿಡಾದ ಸೈಸ್ಟಾರ್ ಎಂಬ ಕಂಪನಿ 2008ರಲ್ಲಿ ಇಂಥ ಯಂತ್ರಗಳನ್ನು ಬಹಿರಂಗವಾಗಿ ಮಾರಲು ಹೊರಟಿತು. ಆಪಲ್ ದಾವೆ ಹೂಡಿತು. 2009ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶ ವಿಲಿಯಂ ಆಲ್ಸಪ್ ಆಪಲ್ ಪರ ತೀರ್ಪು ಕೊಟ್ಟರು. 2011ರ ಸೆಪ್ಟೆಂಬರಿನಲ್ಲಿ, ನಾವು ಸಾಮಾನು ಕೂಡಿಸುತ್ತಿದ್ದ ಹೊತ್ತಿನಲ್ಲೇ, ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಇನ್ನೊಬ್ಬರ ಸಾಫ್ಟ್‌ವೇರ್ ನಕಲು ಮಾಡಿ ಪೆಟ್ಟಿಗೆಯಲ್ಲಿ ತುಂಬಿ ಮಾರುವವನನ್ನು ನಿಲ್ಲಿಸಿದ್ದು ಸರಿಯೇ ಎಂದು ನನ್ನ ಅಭಿಪ್ರಾಯ. ನಮ್ಮ ಮಟ್ಟಿಗೆ ಹೇಳುವುದಾದರೆ, ಲಯನ್ ಎಂಬ ಆ ವರ್ಷದ ಓಎಸ್‌ಗೆ 29.99 ಡಾಲರು, ಫೈನಲ್ ಕಟ್ ಪ್ರೋ ಎಕ್ಸ್‌ಗೆ 299.99 ಡಾಲರು, ಎರಡನ್ನೂ ಕೊಟ್ಟೇ ತಂದೆವು. ಕೊಡದೆ ಉಳಿದದ್ದು ಪೆಟ್ಟಿಗೆಯ ಮೇಲಿನ ಸೇಬಿನ ಚಿತ್ರಕ್ಕೆ. ಲೈಸೆನ್ಸ್ ಕೇಳುತ್ತಿದ್ದುದು ಸರಿಯಾಗಿ ಅದನ್ನೇ, ಅದೂ ನಿಜ.

ಸಾಮಾನ್ಯವಾಗಿ ಅಸೆಂಬಲ್ ಮಾಡಿಸುವವನು ಮೊದಲು ಕೈಯಲ್ಲಿರುವ ರೊಕ್ಕ ನೋಡುತ್ತಾನೆ, ಆಮೇಲೆ ಸಾಮಾನು, ಕೊನೆಗೆ ಓಎಸ್. ಇಲ್ಲಿ ಕ್ರಮ ತಿರುಗುಮುರುಗು. ಮದುವೆ ಮನೆಯ ಭಾಷೆಯಲ್ಲೇ ಹೇಳಿದರೆ ಇದು ಜಾತಕ ಕೂಡಿಸುವ ಕೆಲಸ. ಯಾವ ಚಿಪ್ಪನ್ನು ಆಪಲ್ ತನ್ನ ಯಾವುದೋ ಒಂದು ಮಾದರಿಯಲ್ಲಿ ಬಳಸಿದೆಯೋ ಅದಕ್ಕೆ ಮಾತ್ರ ಓಎಸ್‌ನೊಳಗೆ ಡ್ರೈವರ್ ಇರುತ್ತದೆ. ಬಳಸದಿದ್ದರೆ, ಅದು ಎಷ್ಟೇ ಒಳ್ಳೆಯ ಚಿಪ್ಪಾದರೂ ಮ್ಯಾಕ್ ಪಾಲಿಗೆ ಇಲ್ಲವೇ ಇಲ್ಲ.

ಹಾಗಾಗಿ ಇಂಟೆಲ್ ಕೋರ್ ಐ5-2400. ಆ ವರ್ಷದ 27 ಇಂಚಿನ ಐಮ್ಯಾಕಿನ ಒಂದು ಮಾದರಿಯೊಳಗೆ ಇದ್ದದ್ದು ಇದೇ ಪ್ರೊಸೆಸರು. ಸಿಟಿಸಿಯಲ್ಲಿ ಅದು ಯಾವ ಅಂಗಡಿಯಲ್ಲೂ ಸಿಗುವ ಮಾಲು. ಒಂದು ತೊಡಕಿತ್ತು: ಅದರೊಳಗಿನ ಎಚ್‌ಡಿ 2000 ಗ್ರಾಫಿಕ್ಸನ್ನು ಮ್ಯಾಕ್ ಓಎಸ್ ಗುರುತಿಸುತ್ತಿರಲಿಲ್ಲ. ಅದಕ್ಕೆ ಬೇರೆ ಕಾರ್ಡು ಬೇಕು, ಅದೂ ಜಾತಕ ಕೂಡಿದ್ದು. 2010ರ ಮ್ಯಾಕ್ ಪ್ರೋದಲ್ಲಿ ರೇಡಿಯಾನ್ ಎಚ್‌ಡಿ 5770 ಇತ್ತು, ನಾವೂ ಅದನ್ನೇ ಹುಡುಕಿದೆವು. ಅಂಗಡಿಯವನು ಅದಕ್ಕಿಂತ ಹೊಸದನ್ನು, ಅದಕ್ಕಿಂತ ಕಡಿಮೆಗೆ ಕೊಡುತ್ತೇನೆ ಎಂದರೂ ನಾನು ಹಳೆಯದೇ ಬೇಕೆಂದು ಹಟ ಹಿಡಿದದ್ದನ್ನು ಕಂಡು, ಇವನಿಗೆ ತಲೆ ಸರಿಯಿಲ್ಲ ಎಂದುಕೊಂಡಿರಬೇಕು. ಬೋರ್ಡಿನ ಡಬ್ಬಿಯ ಮೇಲೆ 'ಬಿ3' ಎಂದಿದೆಯಾ ಎಂದೂ ನೋಡಬೇಕಿತ್ತು. ಆ ಸಾಲಿನ ಇಂಟೆಲ್ ಚಿಪ್‌ಸೆಟ್ಟಿನಲ್ಲಿ ಹಾರ್ಡ್‌ಡಿಸ್ಕಿನ ಜೋಡಣೆಗೆ ಸಂಬಂಧಿಸಿದ ದೋಷವಿದ್ದು, 2011ರ ಜನವರಿ 31ರಂದು ಇಂಟೆಲ್ ತಾನೇ ಅದನ್ನು ಪ್ರಕಟಿಸಿ ಮಾಲು ನಿಲ್ಲಿಸಿತ್ತು. ಸರಿಪಡಿಸಿದ ಬೋರ್ಡಿಗೆ ಬಿ3 ಗುರುತು.

ಸಾಮಾನು ಅರ್ಧ ಬಂದಿತ್ತು, ಅಷ್ಟರಲ್ಲಿ ಊರು ನಿಂತಿತು. ಸೆಪ್ಟೆಂಬರ್ 13ರಂದು ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಸಕಲ ಜನುಲ ಸಮ್ಮೆ ಎಂಬ ಸಾರ್ವತ್ರಿಕ ಮುಷ್ಕರ ಆರಂಭ. ಸಿಂಗರೇಣಿಯ ಗಣಿ ಕಾರ್ಮಿಕರು ಕೆಲಸ ಬಿಟ್ಟರು, ಕಲ್ಲಿದ್ದಲು ನಿಂತಿತು, ಕರೆಂಟು ಹೋಗತೊಡಗಿತು. ಆರ್‌ಟಿಸಿ ಬಸ್ಸುಗಳು ಡಿಪೋ ಬಿಡಲಿಲ್ಲ. ಎಂದೂ ಬಸ್ಸಿನ ಗದ್ದಲ ತಪ್ಪದ ಕೋಠಿಯ ಸ್ಟ್ಯಾಂಡಿನಲ್ಲಿ ಹುಡುಗರು ಕ್ರಿಕೆಟ್ ಆಡಿದರು. ಆ ನಡುವೆಯೇ ಅಕ್ಟೋಬರ್ 5ರಂದು ಸ್ಟೀವ್ ಜಾಬ್ಸ್ ತೀರಿಕೊಂಡ. ಆಮೇಲೆ ಪೇಪರಿನಲ್ಲಿ ಫೋಟೋ ನೋಡಿ ಕಾಕಾ ಕೇಳಿದ್ದು ಒಂದೇ: "ಇನ್ನ ಮಷೀನಿನ ರೇಟ್ ಇಳೀತದೇನು?" ರೇಟು ಇಳಿಯಲಿಲ್ಲ, ಬದಲಿಗೆ ಹಾರ್ಡ್‌ಡಿಸ್ಕಿನದು ಏರಿತು. ಅದೇ ಅಕ್ಟೋಬರಿನಲ್ಲಿ ಥಾಯ್ಲೆಂಡಿನಲ್ಲಿ ನೆರೆ ಬಂದು ವೆಸ್ಟರ್ನ್ ಡಿಜಿಟಲ್ ಕಾರ್ಖಾನೆಗೆ ನೀರು ನುಗ್ಗಿತ್ತು. ಪಾರ್ಕ್‌ಲೇನಿನಲ್ಲಿ ಡಿಸ್ಕಿನ ಬೆಲೆ ನೋಡುನೋಡುತ್ತಿದ್ದಂತೆ ದುಪ್ಪಟ್ಟಾಯಿತು. ಸಮ್ಮೆ ನಿಂತದ್ದು ಅಕ್ಟೋಬರ್ 24ಕ್ಕೆ, ದೀಪಾವಳಿಯ ಎದುರಿಗೆ. ಡಿಸ್ಕನ್ನು ಏರಿದ ಬೆಲೆಗೇ ತಂದೆವು. ಮದುವೆ ಸೀಜನ್ನು ಕಾಯುವುದಿಲ್ಲ.

ಉಳಿದದ್ದು ಗುಜರಾತಿ ಗಲ್ಲಿಯ ಕೆಲಸ. ಅಲ್ಲಿಯ ಒಬ್ಬ ಸೇಠ್ ಅಂಗಡಿಗೆ ಕಾಕಾ ಬಹಳ ವರ್ಷದ ಗಿರಾಕಿ. ಅಂಗಡಿಯೆಂದರೆ ಇಬ್ಬರು ನಿಂತರೆ ಮೂರನೆಯವನು ಓಣಿಯಲ್ಲಿ ನಿಲ್ಲಬೇಕಾದಷ್ಟು ಜಾಗ. ಸೇಠ್ ಮ್ಯಾಕ್ ಮುಟ್ಟಿದವರಲ್ಲ. ಆದರೆ ಚಿಪ್ಪು ಅವರಿಗೆ ಗೊತ್ತು.

ನಮಗೆ ಬೇಕಾಗಿದ್ದದ್ದು ಫೈರ್‌ವೈರ್ ಕಾರ್ಡು. ಆಗ ಮದುವೆಗಳು ಮಿನಿ ಡಿವಿ ಟೇಪಿನಲ್ಲಿ ಬರುತ್ತಿದ್ದವು. ಕ್ಯಾಮೆರಾದಿಂದ ಕಂಪ್ಯೂಟರಿಗೆ ಇಳಿಸಲು ಫೈರ್‌ವೈರ್ ಒಂದೇ ಒಳ್ಳೆಯ ದಾರಿ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಹಿಡಿಯುತ್ತಿತ್ತು, ಅವಸರ ಮಾಡುವಂತಿರಲಿಲ್ಲ. ನಡುವೆ ಒಂದು ಫ್ರೇಮು ಬಿದ್ದರೆ ತಾಳಿ ಕಟ್ಟುವ ಗಳಿಗೆಯೇ ಬಿದ್ದಿರಬಹುದು. ಕಾರ್ಡುಗಳು ನೋಡಲು ಎಲ್ಲವೂ ಒಂದೇ: ಹಸಿರು ಹಲಗೆ, ಮೂರು ಕಿಂಡಿ. ಮ್ಯಾಕ್‌ಗೆ ಕೂಡಿಬರುವುದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ಪಿನದು ಎಂದು ಓದಿದ್ದೆ. ಸೇಠ್ ಗಡಿಯಾರ ರಿಪೇರಿಯವರ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಒಂದೊಂದೇ ಕಾರ್ಡಿನ ಮೇಲಿನ ಅಕ್ಷರ ಓದಿದರು. ಅಗ್ಗದ ಒಂದನ್ನು ನಾನು ಕೈಗೆತ್ತಿಕೊಂಡರೆ, "ಇಸ್ಕು ನಕ್ಕೋ ಲೇವ್ ಮಿಯಾ, ಪರ್ಸೋಂ ವಾಪಸ್ ಲಾತೇ ತುಮ್" ಎಂದು ಕಸಿದಿಟ್ಟರು. ಬೇಡ ಇದು, ನಾಡಿದ್ದು ನೀನೇ ತಿರುಗಿ ತರುತ್ತೀ ಎಂದು. ಕೊನೆಗೆ ಒಂದು ಹಳೆಯ ಡಬ್ಬಿಯ ತಳದಿಂದ ಟಿಐ ಚಿಪ್ಪಿನ ಕಾರ್ಡು ಎದ್ದು ಬಂತು. ಅದರ ಬೆಲೆಯನ್ನು ಅವರು ಅಲ್ಲೇ, ನಮ್ಮ ಮುಖ ನೋಡಿ, ನಿಗದಿ ಮಾಡಿದರು.

ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈ ಡಬ್ಬಿ ಆರಿಸಿದ ರೀತಿ ಇನ್ನೂ ನೆನಪಿದೆ. ನಾವು ತಂದಿದ್ದ ಕ್ಯಾಬಿನೆಟ್ಟಿನ ಜೊತೆಗೇ ಒಂದು ಬಂದಿತ್ತು, ಮೈಮೇಲೆ 450 ವ್ಯಾಟ್ ಎಂದು ಅಚ್ಚು. ಸೇಠ್ ಅದನ್ನು ಅಂಗೈಯಲ್ಲಿ ತೂಗಿ ನೋಡಿ ನಕ್ಕರು. ಒಳಗೆ ತಾಮ್ರ, ಹೀಟ್‌ಸಿಂಕು ಇದ್ದರೆ ತೂಕ ಬರಬೇಕು. ಇದರಲ್ಲಿ ಇರುವುದು ಗಾಳಿ ಮತ್ತು ಸ್ಟಿಕ್ಕರು ಎಂದರು. ರೇಡಿಯಾನ್ ಕಾರ್ಡೊಂದೇ ಪೂರ್ತಿ ದುಡಿದರೆ ನೂರು ವ್ಯಾಟಿಗೂ ಹೆಚ್ಚು ಎಳೆಯುತ್ತದೆ, ಅದಕ್ಕೆಂದೇ ಆರು ಪಿನ್ನಿನ ಬೇರೆ ವೈರು ಬೇಕು. ಭಾರವಾದ ಎಸ್‌ಎಂಪಿಎಸ್ ಕೊಂಡೆವು. ಆ ಯಂತ್ರದಲ್ಲಿ ಇವತ್ತಿನವರೆಗೂ ಬದಲಾಯಿಸದೆ ಉಳಿದಿರುವ ಕೆಲವೇ ಭಾಗಗಳಲ್ಲಿ ಅದೂ ಒಂದು. ಇಂಜಿನಿಯರಿಂಗ್ ಕಾಲೇಜುಗಳಿಗೆ ಲೆಕ್ಕವಿಲ್ಲದ ಈ ಊರಿನಲ್ಲಿ ನನಗೆ ಪವರ್ ಸಪ್ಲೈ ಪಾಠ ಹೇಳಿದವರು ಏಳನೇ ಇಯತ್ತೆಗೆ ಶಾಲೆ ಬಿಟ್ಟ ಸೇಠ್.

ಮ್ಯಾಕ್ ಹಾಕಲು ಮೊದಲು ಒಂದು ಮ್ಯಾಕ್ ಬೇಕು. ಲಯನ್ ಸಿಗುತ್ತಿದ್ದದ್ದು ಆಪಲ್‌ನ ಆಪ್ ಸ್ಟೋರಿನಲ್ಲಿ. ಮಾದಾಪುರದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ನಮ್ಮ ಹುಮನಾಬಾದಿನ ಹುಡುಗನೊಬ್ಬ ತನ್ನ ಮ್ಯಾಕ್‌ಬುಕ್ ತಂದುಕೊಟ್ಟ. ಅವನ ಮದುವೆಯ ಆಲ್ಬಂ ಬಾಕಿಯಿತ್ತು, ಬೇಗ ಆಗುತ್ತದೆಂಬ ಆಸೆ. ಅದರಿಂದ ಒಂದು ಪೆನ್‌ಡ್ರೈವ್ ತಯಾರಾಯಿತು.

ಆಮೇಲಿನ ರಾತ್ರಿಗಳು ಅಕ್ಷರಗಳನ್ನು ನೋಡುವುದರಲ್ಲೇ ಕಳೆದವು. ಕೆಮೀಲಿಯನ್‌ಗೆ 'ಮೈನಸ್ ವಿ' ಎಂದು ಬರೆದರೆ ಓಎಸ್ ಏಳುವಾಗ ಏನೇನು ಮಾಡುತ್ತಿದೆ ಎಂದು ಸಾಲು ಸಾಲಾಗಿ ಹೇಳುತ್ತಾ ಹೋಗುತ್ತದೆ. ಯಾವ ಸಾಲಿನಲ್ಲಿ ನಿಂತಿತೋ ಅಲ್ಲಿದೆ ರೋಗ. 'ಸ್ಟಿಲ್ ವೇಟಿಂಗ್ ಫಾರ್ ರೂಟ್ ಡಿವೈಸ್' ಎಂದು ನಿಂತರೆ ಬಯಾಸಿನಲ್ಲಿ ಡಿಸ್ಕಿನ ವಿಧಾನ ಐಡಿಇಯಲ್ಲೇ ಇದೆ, ಎಎಚ್‌ಸಿಐ ಮಾಡಬೇಕು. 'ಬೂಟ್0 ಎರರ್' ಎಂದರೆ ನಾಲ್ಕು ಸಾವಿರ ಬೈಟಿನ ಸೆಕ್ಟರಿರುವ ಹೊಸ ನಮೂನೆಯ ಡಿಸ್ಕು ಕೆಮೀಲಿಯನ್‌ಗೆ ಒಗ್ಗುತ್ತಿಲ್ಲ. ಇನ್ನು ಕೆಲವೊಮ್ಮೆ ಪರದೆಯ ಮೇಲೆ ಬೂದು ಬಣ್ಣದ ತೆರೆ ಇಳಿದು, ಕಂಪ್ಯೂಟರನ್ನು ಮತ್ತೆ ಶುರು ಮಾಡಿ ಎಂದು ಇಂಗ್ಲಿಷ್, ಫ್ರೆಂಚ್, ಜರ್ಮನ್, ಜಪಾನಿ ನಾಲ್ಕು ಭಾಷೆಯಲ್ಲಿ ವಿನಯದಿಂದ ತಿಳಿಸುತ್ತಿತ್ತು. ಕರ್ನೆಲ್ ಪ್ಯಾನಿಕ್. ಅಷ್ಟರಲ್ಲಿ ಕರೆಂಟು ಹೋಗಿ ಯುಪಿಎಸ್ ಕೂಗಿಕೊಳ್ಳುತ್ತಿತ್ತು. ಕಟ್ಟಡಕ್ಕೆ ಅರ್ಥಿಂಗ್ ಸರಿಯಿಲ್ಲದೆ ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಕಾಕಾ ರಬ್ಬರ್ ಚಪ್ಪಲಿ ಹಾಕಿಕೊಂಡೇ ಮೌಸ್ ಹಿಡಿಯುತ್ತಿದ್ದರು.

ಗ್ರಾಫಿಕ್ಸ್ ಕಾರ್ಡಿನ ಸಮಸ್ಯೆ ತಮಾಷೆಯದು. ಆ ಸಾಲಿನ ರೇಡಿಯಾನ್ ಕಾರ್ಡುಗಳಿಗೆ ಯಾವ ಕಿಂಡಿ ಎಲ್ಲಿದೆ ಎಂದು ಹೇಳುವ ನಕ್ಷೆಗಳು ಮ್ಯಾಕ್ ಡ್ರೈವರಿನೊಳಗಿರುತ್ತವೆ, ಆ ನಕ್ಷೆಗಳಿಗೆಲ್ಲ ಮಂಗಗಳ ಬಳಗದ ಹೆಸರು: ಬಬೂನ್, ಹೂಲಾಕ್, ಒರಾಂಗುಟಾನ್, ನಮ್ಮ ಲಂಗೂರ್ ಕೂಡ. ಅದರ ಮುಂದಿನ ಸರಣಿಯ ಕಾರ್ಡುಗಳಿಗೆ ನೀರಿನ ಗಿಡಗಳ ಹೆಸರು. ಯಾವ ಇಂಜಿನಿಯರನ ಹುಚ್ಚೋ. ನಮ್ಮ 5770ಕ್ಕೆ ಸಲ್ಲುವ ಮಂಗ ವರ್ವೆಟ್. ಆ ಹೆಸರು ಬರೆಯುವವರೆಗೆ ಕಪ್ಪಾಗಿದ್ದ ಮಾನಿಟರು ಬರೆದ ಮೇಲೆ ಬೆಳಗಿತು. "ಹನುಮಪ್ಪನ ಕೃಪಾ" ಎಂದು ಕಾಕಾ ಕೈಮುಗಿದರು. ಅದು ಶನಿವಾರವೂ ಆಗಿತ್ತು.

ಬಗೆಹರಿಯಲು ಸತಾಯಿಸಿದ್ದು ಬೇರೊಂದು. ಯಂತ್ರ ನಿದ್ದೆಗೆ ಹೋಗಿ ಎದ್ದರೆ ಬೋರ್ಡು ತನ್ನ ಬಯಾಸ್ ಸೆಟ್ಟಿಂಗನ್ನೆಲ್ಲ ಮರೆಯುತ್ತಿತ್ತು, ತಾರೀಕು ಸಮೇತ. ಸೇಠ್ ಹತ್ತಿರ ಹೋದರೆ ಇದಕ್ಕೆ ಸೆಲ್ ಹೋಗಿದೆ ಎಂದು ಸಿಆರ್2032 ಕೊಟ್ಟರು. ಸೆಲ್ ಬದಲಾಯಿತು, ಮರೆವು ಹಾಗೇ ಉಳಿಯಿತು. ಕಾರಣ ಬೇರೆಯೇ ಇತ್ತು. ಗಡಿಯಾರದ ಮೆಮೊರಿಯಲ್ಲಿ ಬಯಾಸ್ ತನಗೆಂದು ಇಟ್ಟುಕೊಂಡ ಜಾಗದಲ್ಲೂ ಮ್ಯಾಕ್ ಓಎಸ್ ಬರೆದುಬಿಡುತ್ತದೆ; ಎದ್ದ ಮೇಲೆ ಬಯಾಸ್ ಲೆಕ್ಕ ತಾಳೆ ನೋಡಿ, ತಪ್ಪಿದೆ ಎಂದು ಎಲ್ಲವನ್ನೂ ಅಳಿಸುತ್ತದೆ. ಬೋರ್ಡಿನ ಡಿಎಸ್‌ಡಿಟಿ ಎಂಬ ಕೋಷ್ಟಕದಲ್ಲಿ ಗಡಿಯಾರದ ಜಾಗದ ಉದ್ದ 4 ಎಂದಿದ್ದುದನ್ನು 2 ಮಾಡಿದರೆ ಮುಗಿಯಿತು. ಒಂದು ಅಂಕಿಯ ತಿದ್ದುಪಡಿ. ಅದನ್ನು ಸೇಠ್‌ಗೆ ಹೋಗಿ ಹೇಳಿದೆ. ಅವರು ಕೇಳಿಸಿಕೊಂಡು, ಸೆಲ್ಲಿನ ದುಡ್ಡು ವಾಪಸ್ ಕೊಡುವುದಿಲ್ಲ ಎಂದರು.

ಅಂತೂ ಡಿಸೆಂಬರಿನ ಹೊತ್ತಿಗೆ ಅಂಗಡಿಯಲ್ಲಿ ಫೈನಲ್ ಕಟ್ ಓಡಿತು. ಜೂನಿನಲ್ಲಿ ಫೈನಲ್ ಕಟ್ ಪ್ರೋ ಎಕ್ಸ್ ಬಂದಾಗ ವೃತ್ತಿಯವರು ಬಹಳ ಕೂಗಾಡಿದ್ದರು. ಹಳೆಯ ಆವೃತ್ತಿಯ ಪ್ರಾಜೆಕ್ಟು ಇದರಲ್ಲಿ ತೆರೆಯುವುದಿಲ್ಲ ಎಂಬುದು ಅವರ ಮುಖ್ಯ ತಕರಾರು. ನಮ್ಮಲ್ಲಿ ಹಳೆಯದೇ ಇರಲಿಲ್ಲವಾದ್ದರಿಂದ ತಕರಾರೂ ಇರಲಿಲ್ಲ. ಬೀದರಿನ, ಬಸವಕಲ್ಯಾಣದ ಮದುವೆಗಳು ಒಂದೊಂದಾಗಿ ಅದರಲ್ಲಿ ಇಳಿದವು. ಅಂಗಡಿಯ ಬೋರ್ಡಿನ ಮೇಲೆ ಕಾಕಾ 'ಫೈನಲ್ ಕಟ್' ಎಂದು ಬರೆಸಿದರು, ಆಬಿಡ್ಸಿನವನಿಗಿಂತ ದೊಡ್ಡ ಅಕ್ಷರದಲ್ಲಿ.

ನಾವು ನಿರೀಕ್ಷಿಸದ ಒಂದು ಲಾಭವೂ ಆಯಿತು. ಆಪಲ್ ತನ್ನ ಓಎಸ್ ಜೊತೆ ಕನ್ನಡ ಅಕ್ಷರ ಕೊಟ್ಟದ್ದು ಲಯನ್‌ನಲ್ಲೇ ಮೊದಲು. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟು ಅದಕ್ಕೂ ಹತ್ತು ವರ್ಷ ಮೊದಲೇ ಬಂದಿತ್ತು. ಹಿಂದಿನ ಮ್ಯಾಕ್‌ಗಳಲ್ಲಿ ಕನ್ನಡದ ಪುಟ ತೆರೆದರೆ ಬರೀ ಚೌಕಗಳ ಸಾಲು. ಲಯನ್‌ನಲ್ಲಿ ಮಲೇಷ್ಯಾದ ಮುತ್ತು ನೆಡುಮಾರನ್ ರೂಪಿಸಿದ 'ಕನ್ನಡ ಎಂಎನ್' ಮತ್ತು 'ಕನ್ನಡ ಸಂಗಮ್ ಎಂಎನ್' ಎಂಬ ಎರಡು ಫಾಂಟುಗಳಿದ್ದವು. ಹುಮನಾಬಾದಿನ ಹುಡುಗ ಮ್ಯಾಕ್‌ಬುಕ್ ಕೊಂಡು ಎರಡು ವರ್ಷವಾದರೂ ಅದರಲ್ಲಿ ಒಂದು ಕನ್ನಡ ಸಾಲು ಓದಿರಲಿಲ್ಲ. ಕೋಠಿಯ ನಮ್ಮ ಡಬ್ಬಿಯಲ್ಲಿ ಕಾಕಾ 'ಭಾಲ್ಕಿ' ಎಂದು ಹೊಡೆಸಿ ನೋಡಿದರು. ಒತ್ತು, ದೀರ್ಘ, ಗುಡಿಸು ಎಲ್ಲ ಜಾಗದಲ್ಲಿದ್ದವು. ಆದರೂ ಶೀರ್ಷಿಕೆಗಳನ್ನು ನಾವು ಬಹುಕಾಲ ಎಕ್ಸ್‌ಪಿಯಲ್ಲೇ ನುಡಿ ತಂತ್ರಾಂಶದಿಂದ ಮಾಡಿ ಚಿತ್ರವಾಗಿ ತಂದು ಅಂಟಿಸಿದೆವು. ಮದುವೆಗೆ ಬೇಕಾದ ಬಳುಕಿನ ಅಕ್ಷರ ಮ್ಯಾಕ್ ಕೊಟ್ಟ ಎರಡರಲ್ಲಿ ಇರಲಿಲ್ಲ.

ಆಗ ಯಂತ್ರದ ಶಿಸ್ತು ಒಂದೇ ಆಗಿತ್ತು: ಅಪ್‌ಡೇಟ್ ಒತ್ತಬಾರದು. ಒತ್ತಿದರೆ ಆಪಲ್ ತನ್ನ ಧ್ವನಿಯ ಡ್ರೈವರನ್ನು ಹೊಸದಾಗಿ ಇಡುತ್ತಿತ್ತು, ನಮ್ಮ ಬೋರ್ಡಿಗೆ ಹೊಂದಿಸಿದ್ದು ಹೋಗುತ್ತಿತ್ತು, ನಾದಸ್ವರ ಮೂಕವಾಗುತ್ತಿತ್ತು. ಹೊಸಬ ಹುಡುಗರು ಕೆಲಸಕ್ಕೆ ಬಂದಾಗ ಕಾಕಾ ಹೇಳುತ್ತಿದ್ದ ಮೊದಲ ಮಾತು ಅದೇ.

ಈ ಯಂತ್ರದ ಜೊತೆ ಕಳೆದ ವರ್ಷಗಳಲ್ಲಿ ನನಗೆ ಖಾತ್ರಿಯಾದ ವಿಷಯ ಒಂದಿದೆ. ಕಂಪನಿಗಳು 'ಬೆಂಬಲವಿಲ್ಲ' ಎಂದಾಗ ನಾವು 'ಆಗುವುದಿಲ್ಲ' ಎಂದು ಕೇಳಿಸಿಕೊಳ್ಳುತ್ತೇವೆ. ಐ5-2400 ಒಂದೇ ಚಿಪ್ಪು. ಕ್ಯುಪರ್ಟಿನೋದ ಆಪಲ್‌ನವರ ಪೆಟ್ಟಿಗೆಯಲ್ಲಿದ್ದರೆ ಬೆಂಬಲ ಉಂಟು, ಬ್ಯಾಂಕ್ ಸ್ಟ್ರೀಟಿನ ಎರಡನೇ ಮಹಡಿಯಲ್ಲಿದ್ದರೆ ಇಲ್ಲ. ಅದು ಚಿಪ್ಪಿನ ಶಕ್ತಿಯ ಮಾತಲ್ಲ, ವ್ಯಾಪಾರದ ನಿರ್ಣಯ. ನಿರ್ಣಯ ಮಾಡುವ ಹಕ್ಕು ಅವರಿಗಿದೆ. ಅದನ್ನು ಪ್ರಕೃತಿಯ ನಿಯಮವೆಂದು ನಾವು ನಂಬಬೇಕಾಗಿಲ್ಲ.

ಆ ನಿರ್ಣಯಗಳು ಒಂದೊಂದಾಗಿ ಬಂದವು. 2018ರ ಮೊಹಾವೆ ಆವೃತ್ತಿ ಮೆಟಲ್ ಎಂಬ ಗ್ರಾಫಿಕ್ಸ್ ವ್ಯವಸ್ಥೆ ಇಲ್ಲದ ಕಾರ್ಡುಗಳನ್ನು ಒಲ್ಲೆನೆಂದಿತು. ನಮ್ಮ ವರ್ವೆಟ್ ಹೊರಗೆ ಉಳಿಯಿತು. 2020ರ ನವೆಂಬರಿನಲ್ಲಿ ಆಪಲ್ ತನ್ನದೇ ಎಂ1 ಚಿಪ್ಪಿನ ಮ್ಯಾಕ್ ತಂದಿತು. 2025ರ ಜೂನಿನಲ್ಲಿ ಟಾಹೋ ಆವೃತ್ತಿಯೇ ಇಂಟೆಲ್ ಯಂತ್ರಗಳಿಗೆ ಕೊನೆಯದೆಂದು ಘೋಷಿಸಿತು. ಟಾಹೋದಲ್ಲಿ ಫೈರ್‌ವೈರ್ ಬೆಂಬಲವನ್ನೂ ತೆಗೆದುಹಾಕಿದ್ದಾರೆ. ಅಂಗಡಿಯಲ್ಲಿ ಸಿಗುವ ಬಿಡಿ ಸಾಮಾನಿನಿಂದ ಮ್ಯಾಕ್ ಕಟ್ಟುವ ಕಾಲ ಅಲ್ಲಿಗೆ ಮುಗಿಯಿತೆನ್ನಬೇಕು. ಆಪಲ್ ಚಿಪ್ಪು ಯಾವ ಗಲ್ಲಿಯಲ್ಲೂ ಬಿಡಿಯಾಗಿ ಸಿಗುವುದಿಲ್ಲ.

ಕೋಠಿಯೂ ಬದಲಾಗಿದೆ. ವ್ಯಾಪಾರಿಗಳು ಬಹಳ ವಿರೋಧಿಸಿದ ಮೆಟ್ರೋ 2020ರ ಫೆಬ್ರವರಿಯಲ್ಲಿ ಸುಲ್ತಾನ್ ಬಜಾರಿನ ತಲೆಯ ಮೇಲೆ ಓಡಿತು. ಬ್ರಿಟಿಷ್ ರೆಸಿಡೆನ್ಸಿ ಇರುವ ಮಹಿಳಾ ಕಾಲೇಜು ವಿಶ್ವವಿದ್ಯಾಲಯವಾಗಿದೆ. ಗುಜರಾತಿ ಗಲ್ಲಿಯಲ್ಲಿ ಈಗ ಸಿಸಿಟಿವಿ ಕ್ಯಾಮೆರಾ, ಎಲ್‌ಇಡಿ ಸರಗಳದೇ ರಾಜ್ಯ. ಸೇಠ್ ಅಂಗಡಿಯಲ್ಲಿ ಮಗ ಕೂರುತ್ತಾನೆ. ಕಾಕಾ ಅಂಗಡಿ ಮುಚ್ಚಿ ಭಾಲ್ಕಿಗೆ ಹೋದರು, ಯಂತ್ರ ನನ್ನ ಪಾಲಿಗೆ ಬಂತು.

ಅದಕ್ಕೆ ಮತ್ತೊಂದು ಕಂಪನಿಯೂ ಬಾಗಿಲು ಹಾಕಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಎಂಟನೇ ಪೀಳಿಗೆಯ ಆಸುಪಾಸಿನದೋ ಅದಕ್ಕಿಂತ ಹೊಸದೋ ಬೇಕು. ನಮ್ಮದು ಎರಡನೇ ಪೀಳಿಗೆ. ಈಗ ಅದರಲ್ಲಿ ಲಿನಕ್ಸ್ ಮಿಂಟ್ ಇದೆ. ರೇಡಿಯಾನ್ ಕಾರ್ಡು ಯಾವ ಮಂಗನ ಹೆಸರನ್ನೂ ಕೇಳದೆ ಕೆಲಸ ಮಾಡುತ್ತದೆ. ಟಿಐ ಚಿಪ್ಪಿನ ಫೈರ್‌ವೈರ್ ಕಾರ್ಡಿನಿಂದ ಜನರ ಹಳೆಯ ಮಿನಿ ಡಿವಿ ಟೇಪುಗಳನ್ನು ಇಂದಿಗೂ ಇಳಿಸಿಕೊಡುತ್ತೇನೆ. ಲೋಹಿತ್, ನೋಟೋ ಕನ್ನಡ ಫಾಂಟುಗಳು ಪುಕ್ಕಟೆ ಸಿಗುತ್ತವೆ, ಕೀಲಿಮಣೆಗಳ ಪಟ್ಟಿಯಲ್ಲಿ ಕೆ.ಪಿ. ರಾವ್ ಅವರ ಕಗಪ ವಿನ್ಯಾಸವೂ ಇದೆ.

ವಿಂಡೋಸ್ 11 ಒಲ್ಲೆನೆಂದ ಡೆಸ್ಕ್‌ಟಾಪ್ ನಿಮ್ಮ ಮನೆಯಲ್ಲೂ ಮೂಲೆ ಸೇರಿದ್ದರೆ ಗುಜರಿಯವನಿಗೆ ತೂಕಕ್ಕೆ ಕೊಡಬೇಡಿ. ಒಂದು ಸಣ್ಣ ಎಸ್‌ಎಸ್‌ಡಿ, ಪ್ರೊಸೆಸರಿಗೆ ಹೊಸ ಥರ್ಮಲ್ ಪೇಸ್ಟ್, ಒಂದು ಸಿಆರ್2032 ಸೆಲ್ ತನ್ನಿ, ಒಂದು ಪೆನ್‌ಡ್ರೈವಿಗೆ ಲಿನಕ್ಸ್ ಇಳಿಸಿಕೊಂಡು ಭಾನುವಾರ ಮಧ್ಯಾಹ್ನ ಕೂತು ಹಾಕಿ ನೋಡಿ. ಎಸ್‌ಎಂಪಿಎಸ್ ಬದಲಿಸುವ ಪ್ರಸಂಗ ಬಂದರೆ ಮಾತ್ರ, ಅಚ್ಚಾದ ವ್ಯಾಟನ್ನು ನಂಬದೆ ಕೈಯಲ್ಲಿ ತೂಗಿ ನೋಡಿ ತೆಗೆದುಕೊಳ್ಳಿ.